ಮಾಳಿಗೆಗೆ ಜಾಮೀನು ಯಾರು?

ಕೋಡ್ಲಾ ಕಡೆಯ ಹಳ್ಳಿಗಳಲ್ಲಿ ಮನೆಗೆ ಪತ್ರಾ ಹೊದಿಸಲು ಬರುವವರು ಸಾಮಾನ್ಯವಾಗಿ ನಾಲ್ಕೈದು ಜನ. ಒಬ್ಬ ವೆಲ್ಡಿಂಗ್ ಮಾಡುತ್ತಾನೆ, ಒಬ್ಬ ಅಳತೆ ಹಿಡಿಯುತ್ತಾನೆ, ಉಳಿದವರು ಮೇಲೆ ಹತ್ತುತ್ತಾರೆ. ಅವರನ್ನು ಕರೆದುತಂದ ಗುತ್ತೇದಾರನಿಗೆ 'ಲೈಸೆನ್ಸ್ ಅದಾ?' ಎಂದು ಕೇಳಿದರೆ ನಗುತ್ತಾನೆ. ಆ ನಗುವಿನಲ್ಲಿ ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ಕರ್ನಾಟಕದಲ್ಲಿ ಮನೆಗೆ ಕರೆಂಟಿನ ವೈರ್ ಎಳೆಯುವ ಗುತ್ತಿಗೆದಾರ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದಿರಬೇಕು. ಅದೇ ಮನೆಯ ಮಾಳಿಗೆ ಹಾಕುವವನಿಗೆ ಅಂಥದ್ದೊಂದು ಪರವಾನಗಿಯೇ ಇಲ್ಲ. ಗೋಡೆಯೊಳಗಿನ ತಂತಿ ಸರ್ಕಾರದ ಕಣ್ಣಿಗೆ ಬಿದ್ದಿದೆ, ತಲೆಯ ಮೇಲಿನ ಭಾರ ಬಿದ್ದಿಲ್ಲ.

ಹಾಗಾದರೆ ಈ ನೆಲದ ಜನ ಇಷ್ಟು ಶತಮಾನ ಯಾವ ಭರವಸೆಯ ಮೇಲೆ ತಮ್ಮ ಮಾಳಿಗೆಯನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದರು? ಕುಶಲಕರ್ಮಿಗಳ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ದೇವಾಲಯದ ಶೈಲಿ, ಶಿಖರದ ಬಗೆಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಕೆಲಸ ಒಪ್ಪಿಸುವ ಮೊದಲು ಕೆಲಸಗಾರನನ್ನು ಹೇಗೆ ಅಳೆಯುತ್ತಿದ್ದರು ಎಂಬುದರ ಬಗ್ಗೆ ಬರೆದದ್ದು ಕಡಿಮೆ.

ಹಳೆಯ ಕಾನೂನುಗಳಲ್ಲಿ ಮೊದಲು ಕಾಣುವುದು ಬಿದ್ದ ಮೇಲಿನ ಲೆಕ್ಕ. ಕ್ರಿಸ್ತಪೂರ್ವ 1750ರ ಸುಮಾರಿನ ಬ್ಯಾಬಿಲೋನಿನ ಹಮ್ಮುರಾಬಿಯ ಸಂಹಿತೆಯಲ್ಲಿ ಮನೆ ಕಟ್ಟುವವನಿಗೇ ಮೀಸಲಾದ ಕೆಲವು ಕಟ್ಟಳೆಗಳಿವೆ. ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ, ಮಾಲೀಕನ ಮಗ ಸತ್ತರೆ ಕಟ್ಟಿದವನ ಮಗನಿಗೆ. ಗೋಡೆ ವಾಲಿದರೆ ಸ್ವಂತ ಖರ್ಚಿನಲ್ಲಿ ಭದ್ರಪಡಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಇಷ್ಟು ಕ್ರೂರವಲ್ಲ, ಅನುಮಾನ ಮಾತ್ರ ಹೆಚ್ಚು. ಕುಶಲಕರ್ಮಿಗಳ ಮೇಲಿನ ನಿಗಾ ಅಲ್ಲಿ ಬರುವುದು 'ಕಂಟಕಶೋಧನ', ಅಂದರೆ ಮುಳ್ಳು ಕೀಳುವ ಅಧಿಕರಣದ ಮೊದಲಿಗೇ. ಜಾಗ, ಕಾಲ, ಕೆಲಸದ ರೀತಿ ಮೊದಲೇ ನಿಗದಿಯಾಗಬೇಕು. ಹೇಳಿದ ಗಡುವು ಮೀರಿದರೆ ಕೂಲಿಯಲ್ಲಿ ಕಾಲು ಭಾಗ ಕಡಿತ, ಅದರ ಎರಡರಷ್ಟು ದಂಡ. ಹೇಳಿದ್ದು ಬಿಟ್ಟು ಬೇರೆಯೇ ಮಾಡಿದರೆ ಕೂಲಿಯೇ ಇಲ್ಲ, ಮೇಲೆ ದಂಡ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಎಳೆಯೂ ಇದೆ: ಕುಶಲಕರ್ಮಿಗೆ ಅವನ ಶ್ರೇಣಿ, ಅಂದರೆ ವೃತ್ತಿಸಂಘ, ಹೊಣೆ ನಿಲ್ಲಬೇಕು. ಬಿದ್ದ ಮೇಲಿನ ಶಿಕ್ಷೆಯಿಂದ ಏಳುವ ಮೊದಲಿನ ಜಾಮೀನಿಗೆ ಬರುವ ದಾರಿ ಇಲ್ಲಿ ತೆರೆಯುತ್ತದೆ.

ಈ ದಾರಿಯಲ್ಲಿ ನಮ್ಮ ಭಾಗದ ಒಬ್ಬ ದೊಡ್ಡ ಸಾಕ್ಷಿಯಿದ್ದಾನೆ. ಶಹಾಬಾದ ಹತ್ತಿರದ ಮರತೂರ ವಿಜ್ಞಾನೇಶ್ವರನ ಊರು ಎಂದು ಶಾಸನದ ಆಧಾರದಿಂದ ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನವನ್ನು ನಾವು ಆಸ್ತಿ ಹಂಚಿಕೆಯ ಗ್ರಂಥವೆಂದಷ್ಟೇ ನೆನೆಯುತ್ತೇವೆ. ಅವನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ಕಸುಬು ಕಲಿಯುವವನ ಬಗ್ಗೆಯೂ ಕಟ್ಟಳೆ ಇದೆ. ಅಂತೇವಾಸಿ, ಅಂದರೆ ಗುರುವಿನ ಮನೆಯಲ್ಲಿದ್ದು ಶಿಲ್ಪ ಕಲಿಯುವವ, ವಿದ್ಯೆ ಬೇಗ ಕೈಗೆ ಹತ್ತಿದರೂ ಒಪ್ಪಿಕೊಂಡ ಅವಧಿ ಮುಗಿಯುವವರೆಗೆ ಅಲ್ಲೇ ಇರಬೇಕು. ಊಟ ಗುರುವಿನದು, ದುಡಿಮೆಯ ಫಲವೂ ಗುರುವಿನದು. ಇದರಲ್ಲಿ ಶೋಷಣೆ ಎಷ್ಟು, ಶಿಕ್ಷಣ ಎಷ್ಟು ಎಂದು ಬೇರೆ ಚರ್ಚೆ ಮಾಡಬಹುದು. ಕೆಲಸ ಕೊಡುವವನ ಕಡೆಯಿಂದ ನೋಡಿದರೆ ಇದರರ್ಥ ಸರಳ: ಎದುರಿಗೆ ನಿಂತವನು ಯಾರ ಮನೆಯಲ್ಲಿ ಕಲಿತ, ಅವಧಿ ಮುಗಿಸಿ ಬಂದನೋ ನಡುವೆ ಓಡಿಬಂದನೋ ಎಂದು ಕೇಳಲು ಆಧಾರವಿತ್ತು. ಇಂದಿನ ಮಾತಿನಲ್ಲಿ ಅದೇ ಪ್ರಮಾಣಪತ್ರ. ಬೃಹಸ್ಪತಿ ಸ್ಮೃತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೂಡಿ ಮನೆ ಅಥವಾ ಗುಡಿ ಕಟ್ಟುವ ಕೆಲಸಗಾರರ ಮುಖಂಡನಿಗೆ ಎರಡು ಪಾಲು ಕೊಡುತ್ತದೆ. ಎರಡು ಪಾಲು ಪಡೆದವನ ಹೆಸರೇ ಎದ್ದು ಕಾಣುವುದು, ಕೆಲಸ ಕೆಟ್ಟರೆ ಜನ ಹುಡುಕಿಕೊಂಡು ಹೋಗುವುದೂ ಅವನನ್ನೇ.

ಹೆಸರು ಕಲ್ಲಿನ ಮೇಲೆ ಏರಿದ್ದೂ ಉಂಟು. ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿ ಇಂದಿನ ವಿರೂಪಾಕ್ಷ ದೇವಾಲಯ. ಅದರ ಸೂತ್ರಧಾರಿ ಅನಿವಾರಿತಾಚಾರಿ ಗುಂಡ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನು ಅಲ್ಲಿನ ಶಾಸನ ದಾಖಲಿಸುತ್ತದೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಪ್ರಶಸ್ತಿಯಲ್ಲಿ ಅವನಿಗೆ ಏನೇನು ಮಾಡಲು ಬರುತ್ತಿತ್ತು ಎಂಬ ಪಟ್ಟಿಯೇ ಇದೆ. ಬಿರುದು ಎಂದರೆ ನಾವು ಹೊಗಳಿಕೆ ಎಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಇನ್ನೊಂದು ಊರಿಗೆ ಕೆಲಸ ಕೇಳಿಕೊಂಡು ಹೋದ ಸೂತ್ರಧಾರಿಗೆ ರಾಜ ಕೊಟ್ಟ ಬಿರುದಿಗಿಂತ ದೊಡ್ಡ ಶಿಫಾರಸು ಇನ್ನಾವುದು?

ಕಲಬುರಗಿ ಕೋಟೆಯ ಜಾಮಿ ಮಸೀದಿ ನನಗೆ ಇನ್ನೂ ಹತ್ತಿರದ ಉದಾಹರಣೆ. ಅದು ಇಡಿಯಾಗಿ ಒಂದು ಮಾಳಿಗೆಯ ಸಾಹಸ. ಇಂಥ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳವಿರುವುದು ರೂಢಿ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಜಾಗವನ್ನು ಸಾಲು ಸಾಲು ಸಣ್ಣ ಗುಮ್ಮಟಗಳಿಂದ ಮುಚ್ಚಿದ್ದಾರೆ. 1367ರ ಶಾಸನ ಕಟ್ಟಿದವನನ್ನು ಹೆಸರಿಸುತ್ತದೆ: ಕಜ್ವೀನಿನ ಮನ್ಸೂರನ ಮಗ ಶಮ್ಸ್, ಅವನ ಮಗ ರಫಿ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರು. ಪರದೇಶದಿಂದ ಬಂದವನ ಗುರುತಿಗೆ ಇಷ್ಟು ಬೇಕಿತ್ತು. ಇಂದು ಆಧಾರ್ ಕಾರ್ಡಿನಲ್ಲಿರುವುದೂ ಹೆಚ್ಚು ಕಡಿಮೆ ಇಷ್ಟೇ. ರಫಿ ಮಾತ್ರ ತನ್ನ ಗುರುತನ್ನು ತಾನೇ ಮುಚ್ಚಿದ ಮಾಳಿಗೆಯ ಜೊತೆಗೆ ಕಟ್ಟಿಹಾಕಿದ. ಆ ಮಾಳಿಗೆ ಆರೂವರೆ ಶತಮಾನದಿಂದ ನಿಂತಿದೆ.

ಇವೆಲ್ಲ ರಾಜರ, ರಾಣಿಯರ ಕಟ್ಟಡಗಳು. ಸೇಡಂ ತಾಲ್ಲೂಕಿನ ಒಬ್ಬ ರೈತನ ಮೇಲ್ಮುದ್ದೆ ಮನೆಗೆ ಶಾಸನವಿಲ್ಲ. ಚಿತ್ತಾಪುರ ಬಳಿಯ ನಾಗಾವಿಯಲ್ಲಿ 1058ರ ಶಾಸನ ಹೇಳುವ ಘಟಿಕಾಸ್ಥಾನವಿತ್ತು, ವೇದ ಓದುವವರಿಗೆ, ಶಾಸ್ತ್ರ ಓದುವವರಿಗೆ, ಪುಸ್ತಕ ಕಾಯುವವರಿಗೆ ಅಲ್ಲಿ ದತ್ತಿಯಿತ್ತು. ತೊಲೆ ಏರಿಸುವವನ ವಿದ್ಯೆಗೆ ಅಂಥ ಕಟ್ಟಡವೂ ಇರಲಿಲ್ಲ, ದತ್ತಿಯೂ ಇರಲಿಲ್ಲ.

ಮೇಲ್ಮುದ್ದೆ ಮನೆ ಹೇಗಿರುತ್ತದೆ ಎಂದು ನೋಡದವರಿಗೆ ಒಂದು ಮಾತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ ತುಂಡು, ಅದರ ಮೇಲೆ ಸೊಪ್ಪು, ಮೇಲೆ ದಪ್ಪ ಮಣ್ಣು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಒಳಗೆ ತಂಪು. ಭಾರವೆಲ್ಲ ನಿಲ್ಲುವುದು ತೊಲೆಯ ಮೇಲೆ, ತೊಲೆ ಆರಿಸಿ ಕೂರಿಸುವವನು ಬಡಿಗ. ಬಡಿಗ ಊರಿನ ಆಯಗಾರರಲ್ಲಿ ಒಬ್ಬ. ಅವನಿಗೆ ಸಲ್ಲುವ ಕಾಳು ರಾಶಿಯ ಹೊತ್ತಿಗೆ ಕಣದಲ್ಲಿ ಅಳೆಯುವಂಥದ್ದು, ಒಂದೊಂದು ಕೆಲಸ ಮುಗಿದಾಗ ಎಣಿಸಿ ಕೊಡುವ ದುಡ್ಡಲ್ಲ. ನನ್ನ ಮಟ್ಟಿಗೆ ಈ ಪದ್ಧತಿಯ ಗುಟ್ಟು ಇಲ್ಲಿದೆ. ಮುಂಗಾರಿನಲ್ಲಿ ಮಾಳಿಗೆ ಸೋರಿದರೆ, ತೊಲೆ ಬಾಗಿದರೆ, ಅದನ್ನು ಕೂರಿಸಿದವನು ಸುಗ್ಗಿಗೆ ಅದೇ ಮನೆಯವರ ಕಣಕ್ಕೆ ಬಂದು ನಿಲ್ಲಲೇಬೇಕು. ಪರೀಕ್ಷೆ ಪ್ರತಿ ವರ್ಷ, ಪರೀಕ್ಷಕ ಇಡೀ ಊರು.

ಇದನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಆ ಭರವಸೆಯ ಬುಡದಲ್ಲಿ ಜಾತಿಯಿತ್ತು. ಬಡಿಗನ ಮಗ ಬಡಿಗನೇ ಆಗಬೇಕಿತ್ತು, ಕೈಗೆ ಕಸುಬು ಹತ್ತದಿದ್ದರೂ. ಮಣ್ಣು ಹೊತ್ತವರ, ಕಲ್ಲು ಒಡೆದ ವಡ್ಡರ ಹೆಸರನ್ನು ಯಾರೂ ನೆನಪಿಟ್ಟಿಲ್ಲ. ಮೇಲಿಂದ ಬಿದ್ದವರ ಲೆಕ್ಕವಂತೂ ಯಾವ ದಫ್ತರದಲ್ಲೂ ಇಲ್ಲ.

ಸಾಮಗ್ರಿ ಬದಲಾದಾಗಲೆಲ್ಲ ಈ ಜಾಮೀನು ಸಡಿಲವಾಯಿತು. ನಮ್ಮಲ್ಲಿ ಮೊದಲ ದೊಡ್ಡ ಬದಲಾವಣೆ ಬಂದದ್ದು ನೆಲದಡಿಯಿಂದಲೇ. ಭೀಮಾ ಕೊಳ್ಳದ ಸುಣ್ಣಕಲ್ಲು ಪದರ ಪದರವಾಗಿ ಬಿಚ್ಚುತ್ತದೆ. ಅದೇ ಶಹಾಬಾದ ಪರಸಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾಡಿ ಜಂಕ್ಷನ್ ಮೂಲಕ ಮುಂಬಯಿ, ಹೈದರಾಬಾದುಗಳಿಗೆ ರೈಲು ಕೂಡಿದ ಮೇಲೆ ಪರಸಿ ದೂರದೂರಿಗೆ ಹೋಯಿತು, ದೂರದೂರಿನ ಕಬ್ಬಿಣದ ಗರ್ಡರ್ ಇಲ್ಲಿಗೆ ಬಂತು. ಗರ್ಡರ್ ಮೇಲೆ ಪರಸಿ ಹಾಸಿ ಮೇಲೆ ಗಚ್ಚು ಹಾಕಿದ ಮಾಳಿಗೆಗಳು ಇಂದಿಗೂ ಚಿತ್ತಾಪುರ, ಸೇಡಂ ಪೇಟೆಗಳಲ್ಲಿ ಕಾಣುತ್ತವೆ. ಕಲ್ಲಿನ ಹಾಸಿನ ಮಾಳಿಗೆ ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಹಾಸುಗಲ್ಲುಗಳ ಸಂದುಗಳ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ, ಥೇಟು ಮರದ ದಿಮ್ಮಿಯಂತೆ. ನೀರು ಸಂದಿಗೆ ಇಳಿಯಬಾರದೆಂಬ ಆ ಕಾಳಜಿ ಯಾವ ಪ್ರಮಾಣಪತ್ರಕ್ಕಿಂತಲೂ ಸ್ಪಷ್ಟವಾಗಿ ಆ ಕೆಲಸಗಾರನ ಪರಿಚಯ ಹೇಳುತ್ತದೆ.

ಆದರೆ ಪರಸಿಗೆ ಒಂದು ಕೆಟ್ಟ ಗುಣವಿದೆ. ಒತ್ತಡ ಎಷ್ಟಾದರೂ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಮರದ ತೊಲೆ ಮುರಿಯುವ ಮೊದಲು ಬಾಗುತ್ತದೆ, ಕರಕರ ಎನ್ನುತ್ತದೆ, ಮನೆಯವರನ್ನು ಎಬ್ಬಿಸುತ್ತದೆ. ಕಲ್ಲು ಹೇಳದೆ ಕೇಳದೆ ಮುರಿಯುತ್ತದೆ. ಆದ್ದರಿಂದ ಒಳ್ಳೆಯ ಗೌಂಡಿ ಪ್ರತಿ ಪರಸಿಯನ್ನೂ ಸುತ್ತಿಗೆಯಿಂದ ಬಡಿದು ಕೇಳುತ್ತಾನೆ. ಠಣ್ ಎಂದರೆ ಸರಿ, ದಬ್ ಎಂದರೆ ಒಳಗೆ ಸೀಳಿದೆ. ಮನೆಯೊಡೆಯನಿಗೆ ಕಲ್ಲಿನ ದನಿ ತಿಳಿಯಬೇಕಿಲ್ಲ. ಗೌಂಡಿ ಬಡಿದು ನೋಡುತ್ತಾನೋ ಇಲ್ಲವೋ ಎಂಬುದನ್ನು ನಿಂತು ನೋಡಿದರೆ ಸಾಕು.

ಮಣ್ಣಿನ ಮಾಳಿಗೆಯ ಮೇಲಿನ ನಂಬಿಕೆ ಅಲ್ಲಾಡಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪದಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಕೆಸರು ಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ಗೋಡೆ, ಅದರ ಮೇಲೆ ವರ್ಷ ವರ್ಷವೂ ಪದರ ಹೊಸದಾಗಿ ಬಿದ್ದು ದಪ್ಪವಾದ ಮಣ್ಣಿನ ಮಾಳಿಗೆ. ನಮ್ಮದೇ ಬಗೆಯ ಮನೆಗಳು, ನಮ್ಮದೇ ಬಗೆಯ ಕಸುಬು. ಸೋರುವುದನ್ನು ನಿಲ್ಲಿಸಲು ಪ್ರತಿ ಮಳೆಗಾಲಕ್ಕೆ ಮೊದಲು ಹಾಕಿದ ಮಣ್ಣೇ ಭಾರವಾಗಿ ಕೂತಿತ್ತು. ಅಲ್ಲಿ ಯಾವ ಬಡಿಗನೂ ಮೋಸ ಮಾಡಿರಲಿಲ್ಲ. ಊರಿನ ನೆನಪಿನಲ್ಲಿ ಭೂಕಂಪ ಇರಲಿಲ್ಲ, ಅಷ್ಟೆ. ನೆನಪು ಕೊಡುವ ಜಾಮೀನಿಗೆ ನೆನಪಿನಷ್ಟೇ ಆಯುಷ್ಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಪಾಠ ಹೇಳಿತು. ನೆನೆದ ಗೋಡೆ, ಮಾಳಿಗೆ ಕುಸಿದು ಅನೇಕರು ಮಲಗಿದಲ್ಲೇ ಸತ್ತರು.

ಹಾಗಾದರೆ ಸಿಮೆಂಟು, ಇಂಜಿನಿಯರು, ಮುದ್ರೆ ಬಿದ್ದ ನಕ್ಷೆ ಬಂದ ಮೇಲೆ ಭಯ ಹೋಯಿತೇ? 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಪಕ್ಕ ಕಟ್ಟುತ್ತಿದ್ದ ಗಂಗಾರಾಮ್ಸ್ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ. ಎರಡೂ ನಗರದ ನಡುವೆ, ಕಾನೂನಿನ ಕಣ್ಣೆದುರಿಗೆ. ಎರಡೂ ಕಡೆ ತನಿಖೆ ಶುರುವಾದದ್ದು ಹೆಣ ಎತ್ತಿದ ಮೇಲೆ. ಹಮ್ಮುರಾಬಿಯಿಂದ ನಾವು ಬಹಳ ದೂರವೇನೂ ಬಂದಿಲ್ಲ.

ಹಳ್ಳಿಯ ಮನೆಗೆ ಕಾನೂನಿನ ಕಣ್ಣೂ ಇಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಲೈಸೆನ್ಸ್ ಕೇಳಿದ್ದು ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರನ್ನು ಇಟ್ಟವನಿಂದ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯಿಸಿದ್ದು ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ, ಅದರಲ್ಲೂ ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಗುತ್ತಿಗೆ ಲೈಸೆನ್ಸಿನ ಮಿತಿಯನ್ನು ಐವತ್ತು ಜನಕ್ಕೆ, ಸ್ವಂತ ಮನೆಯ ವಿನಾಯಿತಿಯನ್ನು 50 ಲಕ್ಷಕ್ಕೆ ಏರಿಸಿತು. ಕೋಡ್ಲಾದಲ್ಲಿ 50 ಲಕ್ಷದ ಮನೆ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ. ಕಾನೂನು ಹಿಂದೆ ಸರಿದಷ್ಟೂ ಪರೀಕ್ಷಿಸುವ ಕೆಲಸ ಮನೆಯೊಡೆಯನ ಹೆಗಲಿಗೆ ಬಂದಿದೆ. ಆ ವಿಷಯ ಅವನಿಗೆ ಯಾರೂ ತಿಳಿಸಿಲ್ಲ.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮಾಳಿಗೆ ಗುತ್ತಿಗೆದಾರನಿಗೆ ಸರ್ಕಾರದ ಪರವಾನಗಿ ಬೇಕು, ಅದು ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಅದೇ ದೇಶದ ಟೆಕ್ಸಾಸಿನಲ್ಲಿ ಈ ಕಸುಬಿಗೆ ರಾಜ್ಯಮಟ್ಟದ ಪರವಾನಗಿಯೇ ಇಲ್ಲ.

ನಮ್ಮ ಸೀಮೆಯ ವಿಚಿತ್ರವೆಂದರೆ ಎರಡು ಲೋಕಗಳು ಒಂದೇ ರಸ್ತೆಯ ಆಚೀಚೆ ಇವೆ. ಶಹಾಬಾದ ಸಿಮೆಂಟು 1936ರಲ್ಲಿ ಎಸಿಸಿಯೊಳಗೆ ಸೇರಿದ ಕಾಲದಿಂದ ಇಂದಿನ ವಾಡಿ, ಸೇಡಂ, ಮಳಖೇಡ, ಕೋಡ್ಲಾದ ಕಾರ್ಖಾನೆಗಳವರೆಗೆ ಈ ತಾಲ್ಲೂಕುಗಳು ದೇಶದ ಮಾಳಿಗೆಗಳಿಗೆ ಸಿಮೆಂಟು ಕೊಟ್ಟಿವೆ. 1948ರ ಕಾರ್ಖಾನೆ ಕಾಯ್ದೆಯ 32ನೆಯ ಕಲಮು ಎತ್ತರದ ಕೆಲಸದಲ್ಲಿ ಬೀಳದಂತೆ ಏರ್ಪಾಡು ಕೇಳುತ್ತಿತ್ತು. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಶೀಟಿನ ಮೇಲೆ ಹತ್ತಬೇಕಾದರೆ ಪರ್ಮಿಟ್, ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್. ಗೇಟಿನ ಹೊರಗೆ, ಪಾಳಿ ಮುಗಿಸಿ ಬಂದ ಅದೇ ಹುಡುಗ ಲುಂಗಿ ಮೇಲೆತ್ತಿ ಕಟ್ಟಿ ಬರಿಗಾಲಲ್ಲಿ ಮನೆಯ ಪತ್ರಾ ಮೇಲೆ ನಡೆಯುತ್ತಾನೆ. ಹಳೆಯ ಸಿಮೆಂಟ್ ಶೀಟು ಮೇಲೆ ಗಟ್ಟಿಯಾಗಿ ಕಂಡರೂ ಬಿಸಿಲಿಗೆ ಒಣಗಿ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಕಲಿತ ಸುರಕ್ಷತೆಯನ್ನು ಅವನು ಗೇಟಿನಲ್ಲಿ ಬಿಟ್ಟುಬರುವುದಕ್ಕೆ ಕಾರಣ ಅಜ್ಞಾನವಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ.

ಕೋಡ್ಲಾದಲ್ಲಿ ನಮ್ಮ ಕಾಕಾ ಒಬ್ಬರು ಪತ್ರಾ ಹಾಕಿಸುವ ಮಾತು ಬಂದಾಗ ನನ್ನ ಪ್ರಶ್ನೆಗಳನ್ನು ಕೇಳಿ ಹೇಳಿದ್ದು: 'ಕಾಗದ ಏನ್ ನೋಡ್ತಿಯೋ ತಮ್ಮಾ, ಅಂವಾ ಹಾಕಿದ್ ಪತ್ರಾ ನೋಡು. ಹೋದ್ ವರ್ಷದ ಗಾಳಿಗಿ ಹಾರ್ಯಾವೋ ಇಲ್ಲೋ, ಅದು ಕೇಳು.' ಕಾಕಾ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಬಹಳ ಮುಖ್ಯವಾದದ್ದು. ಕೆಲಸ ಮುಗಿದ ಮರುದಿನದ ಫೋಟೋ ಏನನ್ನೂ ಹೇಳುವುದಿಲ್ಲ. ಎರಡು ಮಳೆಗಾಲ, ಒಂದು ಚೈತ್ರದ ಗಾಳಿ ಕಂಡ ಮಾಳಿಗೆಯ ಕೆಳಗೆ ನಿಂತು, ಅಲ್ಲಿ ವಾಸಿಸುವವರನ್ನು ಕೇಳಬೇಕು. ಅದರಲ್ಲೂ ಅಡುಗೆಮನೆಯಲ್ಲಿರುವ ಹೆಣ್ಣುಮಕ್ಕಳನ್ನು. ಎಲ್ಲಿ ಸೋರುತ್ತದೆ ಎಂಬುದು ಪಾತ್ರೆ ಇಟ್ಟವರಿಗೆ ಗೊತ್ತು. ಗಾಳಿ ಪತ್ರಾವನ್ನು ಕೆಳಗೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಪತ್ರಾದ ಮೇಲೆ ಕಲ್ಲು ಹೇರಿ ಹೋದವನು ಕೆಲಸ ಮುಗಿಸಿಲ್ಲ. ಬೀಳುವ ಕಲ್ಲೊಂದನ್ನು ತಲೆಯ ಮೇಲೆ ಇಟ್ಟುಹೋಗಿದ್ದಾನೆ. ಅಂಚಿನ ಸಾಲಿನಲ್ಲಿ ಸ್ಕ್ರೂ, ಹುಕ್ಕು ಒತ್ತೊತ್ತಾಗಿವೆಯೇ, ಆ್ಯಂಗಲ್ ಗೋಡೆಯೊಳಗೆ ಹೂತಿದೆಯೇ ಎಂದು ಕೆಳಗಿನಿಂದಲೇ ನೋಡಬಹುದು.

ಉಳಿದ ಅರ್ಧ ಕಾಗದದಲ್ಲಿದೆ. ಆದರೆ ಯಾವ ಕಾಗದ ಏನು ಹೇಳುತ್ತದೆ ಎಂದು ತಿಳಿದಿರಬೇಕು. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ದರ್ಜೆ ಎಷ್ಟು ಮೊತ್ತದ ಸರ್ಕಾರಿ ಕೆಲಸ ಹಿಡಿಯಬಹುದು ಎಂಬುದರ ಅಳತೆ. ಅದು ಪತ್ರಾ ಕೂರಿಸುವ ಕೈಚಳಕದ ಅಳತೆಯಲ್ಲ, ಒಂದನೆಯ ದರ್ಜೆಯವನು ಒಳಗುತ್ತಿಗೆ ಕೊಟ್ಟು ಮಾಯವಾಗಲೂಬಹುದು. ಜಿಎಸ್‌ಟಿ ಸಂಖ್ಯೆ ತೆರಿಗೆಯ ಗುರುತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾತ್ರ ಬೇರೆ ಬಗೆಯದು. ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದವರಿಗೆ ಸಿಗುವ ಕಾರ್ಡು ಅದು. ಗುತ್ತೇದಾರನ ಹುಡುಗರ ಬಳಿ ಅದು ಇದೆಯೇ ಎಂದು ಕೇಳಿದರೆ ಎರಡು ಉತ್ತರ ಒಟ್ಟಿಗೆ ಸಿಗುತ್ತವೆ: ಇವರು ನಿಜಕ್ಕೂ ಈ ಕಸುಬಿನವರೇ, ಏನಾದರೂ ಆದರೆ ಇವರ ಮನೆಯವರಿಗೆ ಕೈಹಿಡಿಯಲು ಏನಾದರೂ ಇದೆಯೇ.

ಏಕೆಂದರೆ ಏನಾದರೂ ಆಗುತ್ತದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಗುತ್ತಿಗೆದಾರನ ಆಳಿಗೆ ಕೆಲಸ ಕೊಟ್ಟ ಮಾಲೀಕನನ್ನೂ ಹೊಣೆ ಮಾಡುತ್ತಿತ್ತು, ಆದರೆ ಆ ಕೆಲಸ ಮಾಲೀಕನ ವ್ಯಾಪಾರ, ಉದ್ದಿಮೆಗೆ ಸೇರಿದ್ದರೆ ಮಾತ್ರ. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ವಾಸದ ಮನೆಗೆ ಪತ್ರಾ ಹಾಕಿಸುವ ರೈತನಿಗೆ ಇದು ವ್ಯಾಪಾರವಲ್ಲ. ಹೊಣೆ ಗುತ್ತೇದಾರನದೇ ಆಗಿ ಉಳಿಯುತ್ತದೆ. ಅವನ ಬಳಿ ವಿಮೆಯಿಲ್ಲ, ಹಣವಿಲ್ಲ ಎಂದರೆ ಬಿದ್ದವನ ಹೆಂಡತಿಯ ಕೈಗೆ ಬರುವುದು ಒಂದು ಆದೇಶದ ಪ್ರತಿ. ಊರಿನಲ್ಲಿ ಇಂಥವು ಸಾಮಾನ್ಯವಾಗಿ ನಾಲ್ಕು ಹಿರಿಯರ ಮುಂದೆ ಒಂದಿಷ್ಟು ದುಡ್ಡಿನಲ್ಲಿ ಮುಗಿಯುತ್ತವೆ, ದಾಖಲೆಯಾಗುವುದಿಲ್ಲ. ದಾಖಲೆಯಿಲ್ಲದ್ದರಿಂದಲೇ ಮುಂದಿನ ಮನೆಯವರು ಆ ಗುತ್ತೇದಾರನ ಬಗ್ಗೆ ಕೇಳಿದಾಗ 'ಛಲೋ ಮಾಡ್ತಾನ್ರಿ' ಎಂಬ ಉತ್ತರವೇ ಬರುತ್ತದೆ. ಪತ್ರಾ ಛಲೋ ಇರುತ್ತದೆ. ಯಾರು ಬಿದ್ದರು ಎಂಬುದು ಪತ್ರಾದ ಮೇಲೆ ಬರೆದಿರುವುದಿಲ್ಲ.

ಆದ್ದರಿಂದ ಗುತ್ತೇದಾರನನ್ನು ಕೇಳಬೇಕಾದ್ದನ್ನು ಅವನ ಹುಡುಗರನ್ನು ಬೇರೆಯಾಗಿ ಕೇಳುವುದು ಮೇಲು. ಹೋದ ವರ್ಷ ಇದೇ ತಂಡದಲ್ಲಿ ಇದ್ದಿರಾ? ಇದ್ದವರು ಯಾಕೆ ಬಿಟ್ಟರು? ಯಾರಿಗಾದರೂ ಪೆಟ್ಟಾಗಿತ್ತೇ, ದವಾಖಾನೆಯ ಖರ್ಚು ಯಾರು ಕೊಟ್ಟರು? ಮೇಲೆ ಹತ್ತುವಾಗ ಹಗ್ಗ ಯಾರು ತರುತ್ತಾರೆ? ಆಮೇಲೆ ಒಂದು ಹಾಳೆಯಲ್ಲಿ, ಕೌಟಿಲ್ಯ ಕೇಳಿದಂತೆಯೇ, ಜಾಗ, ಕಾಲ, ಕೆಲಸದ ರೀತಿ ಬರೆದುಕೊಳ್ಳಬೇಕು: ಪತ್ರಾದ ದಪ್ಪ ಎಷ್ಟು, ಸ್ಕ್ರೂ ಎಷ್ಟು ಅಂತರಕ್ಕೆ, ಮುಂಗಡ ಎಷ್ಟು, ಮೊದಲ ಮಳೆಗಾಲ ಕಳೆದ ಮೇಲೆ ಕೊಡುವ ಬಾಕಿ ಎಷ್ಟು. ಹಗ್ಗ ಮತ್ತು ಬೆಲ್ಟಿನ ಬಾಡಿಗೆಯನ್ನೂ ಅದೇ ಹಾಳೆಯಲ್ಲಿ ಒಂದು ಸಾಲಾಗಿ, ಮನೆಯೊಡೆಯನ ಲೆಕ್ಕಕ್ಕೆ ಬರೆದುಕೊಂಡರೆ ಗುತ್ತೇದಾರ ಚೌಕಾಸಿ ಮಾಡಲು ಅಲ್ಲಿ ಏನೂ ಉಳಿಯುವುದಿಲ್ಲ.